ಮಾವಿನ ವಹಿವಾಟು ಮತ್ತು ಹಣ್ಣುನೊಣ: ತೋಪಿನ ಗುತ್ತಿಗೆಯಲ್ಲಿ ಇಲ್ಲದ ಒಂದು ಷರತ್ತು

ಮಾವು ಮರದ ಮೇಲಿರುವಾಗಲೇ ಮಾರಾಟವಾಗುವ ಸರಕು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೂ ರಾಮನಗರ, ಚನ್ನಪಟ್ಟಣ ಸೀಮೆಯಲ್ಲೂ ಅನೇಕ ತೋಪುಗಳ ಫಸಲನ್ನು ಹೂವಿನ ಹಂತದಲ್ಲಿಯೋ ಕಾಯಿ ಕಚ್ಚಿದ ಹಂತದಲ್ಲಿಯೋ ವರ್ತಕರು ಗುತ್ತಿಗೆಗೆ ಹಿಡಿಯುತ್ತಾರೆ. ಮರಗಳ ನಡುವೆ ಒಮ್ಮೆ ಸುತ್ತಾಡಿ, ಕೊಂಬೆಗಳ ಮೇಲಿನ ಕಾಯಿಯನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿ ಮೊತ್ತವನ್ನು ನಿರ್ಧರಿಸುವುದು ರೂಢಿ. ಇಂತಹ ಅಂದಾಜಿನಲ್ಲಿ ನುರಿತ ವರ್ತಕರು ಕಾಯಿಯ ಎಣಿಕೆಯಲ್ಲಿ ತಪ್ಪುವುದು ಕಡಿಮೆ. ಆದರೂ ಕೊಯ್ಲು ಮುಗಿದ ಬಳಿಕ ಲೆಕ್ಕ ಹಾಕಿದಾಗ ನಿರೀಕ್ಷಿಸಿದ ಲಾಭ ಕೈಗೆ ಸಿಗದಿರುವುದುಂಟು. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಗುತ್ತಿಗೆ ಹಿಡಿದ ದಿನ ತೋಪಿನಲ್ಲಿ ಕಣ್ಣಿಗೆ ಬೀಳದ, ಕೊಯ್ಲಿನ ಕೊನೆಯ ವಾರಗಳಲ್ಲಿ ಎರಗುವ ಹಣ್ಣುನೊಣ. ರೈತರು ಇದನ್ನು ಊಜಿ ನೊಣವೆಂದೂ ಕರೆಯುವುದುಂಟು.

ಹಣ್ಣುನೊಣವನ್ನು ರೈತನ ಸಮಸ್ಯೆಯೆಂದು ಬಗೆದು ವರ್ತಕರು ದೂರವಿರುವುದು ಸಾಮಾನ್ಯ. ಆದರೆ ಈ ಕೀಟದ ಹಾನಿ ಆರಂಭವಾಗುವುದು ತೋಪಿನಲ್ಲಿ, ಪ್ರಕಟವಾಗುವುದು ಮಂಡಿಯಲ್ಲಿ, ಹಣ್ಣು ಮಾಗಿಸುವ ಕೋಣೆಯಲ್ಲಿ ಅಥವಾ ತಿರುಳು ತಯಾರಿಸುವ ಕಾರ್ಖಾನೆಯ ಅಂಗಳದಲ್ಲಿ. ಆ ವೇಳೆಗೆ ಸರಕು ಕೈ ಬದಲಾಗಿರುತ್ತದೆ, ಹಣವೂ ಪಾವತಿಯಾಗಿರುತ್ತದೆ. ಆದುದರಿಂದ ಈ ನೊಣದ ನಿಯಂತ್ರಣವು ಕೃಷಿಯ ವಿಷಯವಾಗಿರುವಷ್ಟೇ ವಾಣಿಜ್ಯದ ವಿಷಯವೂ ಆಗಿದೆ.

ನೊಣದ ಜೀವನಕ್ರಮ

ಮಾವಿನ ಹಣ್ಣುನೊಣಗಳಲ್ಲಿ ಪ್ರಧಾನವಾದುದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಎಂಬ ಪ್ರಭೇದ. ಮನೆಯ ನೊಣದಷ್ಟೇ ಗಾತ್ರದ, ಪಾರದರ್ಶಕ ರೆಕ್ಕೆಗಳ ಈ ಕೀಟದ ಹೆಣ್ಣು ಬಲಿತ ಕಾಯಿಯ ಸಿಪ್ಪೆಯನ್ನು ತನ್ನ ಸೂಜಿಯಂತಹ ಅಂಗದಿಂದ ಚುಚ್ಚಿ ಒಳಗೆ ಗುಂಪಾಗಿ ಮೊಟ್ಟೆ ಇಡುತ್ತದೆ. ಚುಚ್ಚಿದ ಗುರುತು ಮೊದಲಿಗೆ ಸೂಜಿಮೊನೆಯಷ್ಟೇ ಇರುವುದರಿಂದ ಕೊಯ್ಲಿನ ಸಮಯದಲ್ಲಿ ಅದನ್ನು ಗುರುತಿಸುವುದು ಕಷ್ಟ. ಒಂದರಿಂದ ಮೂರು ದಿನಗಳಲ್ಲಿ ಮೊಟ್ಟೆ ಒಡೆದು ಬಿಳಿಯ ಮರಿಹುಳುಗಳು ಹೊರಬಂದು ತಿರುಳನ್ನು ತಿನ್ನತೊಡಗುತ್ತವೆ. ಕಾಯಿ ಕೊಯ್ದ ಬಳಿಕ ಹಣ್ಣಾಗಲು ಸಾಮಾನ್ಯವಾಗಿ ಸುಮಾರು ಒಂದು ವಾರ ಬೇಕಾಗುತ್ತದೆ. ಹುಳು ಬೆಳೆಯುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ ಕಾಲ ಸಾಕು. ಹೀಗಾಗಿ ತೋಪಿನಲ್ಲಿ ನಿರ್ದೋಷವಾಗಿ ಕಂಡ ಕಾಯಿ ಗ್ರಾಹಕನ ಕೈ ಸೇರುವ ಹೊತ್ತಿಗೆ ಒಳಗೆಲ್ಲ ಕೊಳೆತಿರುತ್ತದೆ.

ಬೆಳೆದ ಹುಳು ಹಣ್ಣಿನಿಂದ ಹೊರಬಿದ್ದು ಮಣ್ಣಿನ ಮೇಲ್ಪದರದಲ್ಲಿ, ಕೆಲವೇ ಸೆಂಟಿಮೀಟರುಗಳ ಆಳದಲ್ಲಿ ಕೋಶಾವಸ್ಥೆಗೆ ಹೋಗುತ್ತದೆ. ಅಲ್ಲಿಂದ ಹೊರಬರುವ ಹೊಸ ನೊಣ ಮತ್ತೆ ಕಾಯಿಯನ್ನು ಅರಸುತ್ತದೆ. ಬೇಸಿಗೆಯ ಹವೆಯಲ್ಲಿ ಒಂದು ತಲೆಮಾರು ಪೂರ್ಣಗೊಳ್ಳಲು ಮೂರು ನಾಲ್ಕು ವಾರಗಳು ಸಾಕಾಗುತ್ತವೆ. ಮಾವಿನ ಹಂಗಾಮು ಎರಡು ಮೂರು ತಿಂಗಳು ನಡೆಯುವುದರಿಂದ ಒಂದೇ ಹಂಗಾಮಿನಲ್ಲಿ ನೊಣದ ಸಂತತಿ ಹಲವು ಪಟ್ಟು ಹೆಚ್ಚುತ್ತದೆ. ಮುಂಗಾರುಪೂರ್ವ ಮಳೆ ಬಿದ್ದ ಮೇಲೆ ಇದರ ಹಾವಳಿ ಏರುವುದೂ, ತಡವಾಗಿ ಬರುವ ಮಲ್ಲಿಕಾ, ನೀಲಂ ಮುಂತಾದ ತಳಿಗಳು ಹೆಚ್ಚಾಗಿ ತೊಂದರೆಗೊಳಗಾಗುವುದೂ ಇದೇ ಕಾರಣದಿಂದ. ಮಾವು ಮುಗಿದ ಬಳಿಕ ಈ ನೊಣ ಸೀಬೆ, ಸಪೋಟ ಮೊದಲಾದ ಹಣ್ಣುಗಳನ್ನು ಆಶ್ರಯಿಸಿ ಮುಂದಿನ ಹಂಗಾಮಿನವರೆಗೆ ಉಳಿದುಕೊಳ್ಳುತ್ತದೆ.

ಈ ಜೀವನಕ್ರಮದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಮರದಡಿ ಬಿದ್ದು ಕೊಳೆಯುವ ಹಣ್ಣೇ ಮುಂದಿನ ತಲೆಮಾರಿನ ತೊಟ್ಟಿಲು. ಎರಡನೆಯದು, ಹುಳು ಹಣ್ಣಿನೊಳಗೆ ಸೇರಿದ ಮೇಲೆ ಹೊರಗಿನಿಂದ ಸಿಂಪಡಿಸುವ ಔಷಧ ಅದನ್ನು ಮುಟ್ಟುವುದಿಲ್ಲ.

ನಷ್ಟದ ನಿಜವಾದ ಲೆಕ್ಕ

ಹಾನಿಗೊಳಗಾದ ಹಣ್ಣಿನ ಶೇಕಡಾವಾರು ಪ್ರಮಾಣವೇ ನಷ್ಟದ ಪ್ರಮಾಣವೆಂದು ಭಾವಿಸುವುದು ತಪ್ಪು. ಲೆಕ್ಕದ ಅನುಕೂಲಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ವರ್ತಕರೊಬ್ಬರು ಕಿಲೋಗೆ 25 ರೂಪಾಯಿಯಂತೆ 10 ಟನ್ ಕಾಯಿ ಖರೀದಿಸಿದರೆಂದು ಇಟ್ಟುಕೊಂಡರೆ ಖರೀದಿಯ ಮೊತ್ತ 2,50,000 ರೂಪಾಯಿ. ಅದರಲ್ಲಿ ಶೇಕಡಾ 8ರಷ್ಟು ಹುಳುಕಾದರೆ 800 ಕಿಲೋ ಹೋಯಿತು, ಅಂದರೆ 20,000 ರೂಪಾಯಿ. ಆದರೆ ಆ 800 ಕಿಲೋ ಕಾಯಿಗೂ ಕೊಯ್ಲಿನ ಕೂಲಿ, ಸಾಗಣೆ, ಹಮಾಲಿ ಎಲ್ಲವನ್ನೂ ಕೊಟ್ಟಾಗಿದೆ. ಕಿಲೋಗೆ 4 ರೂಪಾಯಿಯಂತೆ ಅದು 3,200 ರೂಪಾಯಿ. ರಾಶಿಯಲ್ಲಿ ಹುಳು ಕಂಡ ಕೂಡಲೇ ಕೊಳ್ಳುವವರು ಉಳಿದ ಮಾಲಿಗೂ ದರ ಇಳಿಸುತ್ತಾರೆ. ಕಿಲೋಗೆ ಕೇವಲ 2 ರೂಪಾಯಿ ಇಳಿದರೂ 9,200 ಕಿಲೋಗೆ 18,400 ರೂಪಾಯಿ. ಒಟ್ಟು 41,600 ರೂಪಾಯಿ. ಹಣ್ಣು ಕೆಟ್ಟದ್ದು ಶೇಕಡಾ 8, ಹಣ ಕೈಬಿಟ್ಟದ್ದು ಖರೀದಿ ಮೊತ್ತದ ಆರನೆಯ ಒಂದು ಭಾಗ.

ಇದೇ 10 ಟನ್ ಫಸಲು ಸುಮಾರು 3 ಎಕರೆಯ ತೋಪಿನದೆಂದೂ, ಎಕರೆಗೆ 6ರಂತೆ 18 ಮೋಹಕ ಬಲೆಗಳು ಬೇಕೆಂದೂ, ಬಲೆಯೊಂದಕ್ಕೆ 100 ರೂಪಾಯಿ ಬೀಳುವುದೆಂದೂ ಹಿಡಿದರೆ ಬಲೆಗಳ ವೆಚ್ಚ 1,800 ರೂಪಾಯಿ. ಬಿದ್ದ ಹಣ್ಣು ಆಯುವ ಕೂಲಿಯನ್ನು ಇದಕ್ಕೆ ಸೇರಿಸಿದರೂ ನಷ್ಟದ ಮೊತ್ತಕ್ಕೂ ತಡೆಯ ವೆಚ್ಚಕ್ಕೂ ಹೋಲಿಕೆಯಿಲ್ಲ. ಪ್ರತಿಯೊಬ್ಬ ವರ್ತಕರೂ ತಮ್ಮ ಸ್ವಂತ ದರಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿ ನೋಡಬಹುದು.

2014ರ ಪಾಠ

ಹಣ್ಣುನೊಣದ ವಾಣಿಜ್ಯ ಪರಿಣಾಮವನ್ನು ಇಡೀ ದೇಶಕ್ಕೆ ಮನವರಿಕೆ ಮಾಡಿಕೊಟ್ಟದ್ದು 2014ರ ಘಟನೆ. ಭಾರತದಿಂದ 2013ರಲ್ಲಿ ಯುರೋಪಿಗೆ ಹೋದ ಹಣ್ಣು ತರಕಾರಿಗಳ ಪೈಕಿ 207 ರವಾನೆಗಳಲ್ಲಿ ಹಣ್ಣುನೊಣ ಮುಂತಾದ ಕೀಟಗಳು ಪತ್ತೆಯಾದ ಕಾರಣ ಐರೋಪ್ಯ ಒಕ್ಕೂಟವು ಮಾವು ಹಾಗೂ ಬದನೆ, ಹಾಗಲ, ಪಡವಲ, ಕೆಸು ಎಂಬ ನಾಲ್ಕು ತರಕಾರಿಗಳ ಆಮದನ್ನು 2014ರ ಮೇ 1ರಿಂದ ನಿಷೇಧಿಸಿತು. ಅದು ಮಾವಿನ ಹಂಗಾಮು ಏರುವ ಸಮಯ. ಭಾರತವು ರಫ್ತು ಸರಕಿನ ತಪಾಸಣೆ ಮತ್ತು ಸಂಸ್ಕರಣೆಯ ವ್ಯವಸ್ಥೆಯನ್ನು ಬಿಗಿಗೊಳಿಸಿದ ಮೇಲೆ ಮಾವಿನ ಮೇಲಣ ನಿಷೇಧ 2015ರ ಜನವರಿಯಲ್ಲಿ ತೆರವಾಯಿತು. ಒಂದು ಹಂಗಾಮಿನ ವ್ಯಾಪಾರ ಮಾತ್ರ ಮರಳಿ ಬರಲಿಲ್ಲ.

ಇತರ ದೇಶಗಳ ನಿಯಮಗಳೂ ಇದೇ ಕೀಟದ ಸುತ್ತ ರಚಿತವಾಗಿವೆ. ಜಪಾನು 1986ರಲ್ಲಿ ನಿಲ್ಲಿಸಿದ ಭಾರತದ ಮಾವಿನ ಆಮದನ್ನು ಪುನಃ ಆರಂಭಿಸಿದ್ದು 20 ವರ್ಷಗಳ ನಂತರ, 2006ರಲ್ಲಿ. ಹಣ್ಣಿನ ಒಡಲಿನ ಉಷ್ಣತೆ 47.5 ಡಿಗ್ರಿ ಸೆಲ್ಸಿಯಸ್ ತಲುಪಿ 20 ನಿಮಿಷ ಇರುವಂತೆ ಬಿಸಿ ಹಬೆಯ ಸಂಸ್ಕರಣೆ ನೀಡಬೇಕೆಂಬುದು ಅಲ್ಲಿನ ಷರತ್ತು. ಅಮೆರಿಕವು 2007ರಲ್ಲಿ ವಿಕಿರಣ ಸಂಸ್ಕರಣೆಗೊಳಪಟ್ಟ ಮಾವಿಗೆ ಬಾಗಿಲು ತೆರೆಯಿತು. ಅದಕ್ಕೆ ನಿಗದಿಯಾದ ಕನಿಷ್ಠ ಪ್ರಮಾಣ 400 ಗ್ರೇ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಿಷೇಧ ಬಂದಾಗ ಅದು ಹುಳು ಇದ್ದ ಸರಕಿನ ಮಾಲೀಕರಿಗೆ ಮಾತ್ರ ಬರಲಿಲ್ಲ. ಶುದ್ಧ ಸರಕು ಕಳುಹಿಸಿದವರಿಗೂ ಬಂದಿತು. ರಫ್ತಿನಲ್ಲಿ ನೇರವಾಗಿ ತೊಡಗದ ವರ್ತಕರಿಗೂ ಇದರ ಬಿಸಿ ತಟ್ಟುವುದು ಸಹಜ, ಏಕೆಂದರೆ ಹೊರಗೆ ಹೋಗಬೇಕಾದ ಹಣ್ಣು ಒಳಗಿನ ಮಾರುಕಟ್ಟೆಗೆ ಬಂದು ದರವನ್ನು ಒತ್ತುತ್ತದೆ.

ಗುತ್ತಿಗೆಯಲ್ಲಿರುವ ಕೊರತೆ

ನಿಯಂತ್ರಣದ ವಿಧಾನಗಳು ದಶಕಗಳಿಂದ ತಿಳಿದಿವೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಮತ್ತು ತೋಟಗಾರಿಕೆ ಇಲಾಖೆ ಇವುಗಳನ್ನು ಪ್ರಚಾರ ಮಾಡುತ್ತಲೇ ಬಂದಿವೆ. ಆದರೂ ನೊಣ ಕಡಿಮೆಯಾಗದಿರಲು ವ್ಯವಹಾರದ ಸ್ವರೂಪವೂ ಒಂದು ಕಾರಣ.

ಗುತ್ತಿಗೆ ಕೊಟ್ಟ ತೋಪಿನಲ್ಲಿ ಮಾಲೀಕರಿಗೆ ಆ ವರ್ಷದ ಹಣ್ಣಿನ ಮೇಲೆ ಆಸಕ್ತಿ ಇರುವುದಿಲ್ಲ, ಅವರ ಹಣ ಆಗಲೇ ಬಂದಿರುತ್ತದೆ. ಗುತ್ತಿಗೆದಾರರಿಗೆ ಮುಂದಿನ ವರ್ಷದ ಮೇಲೆ ಆಸಕ್ತಿ ಇರುವುದಿಲ್ಲ, ಅವರು ಬೇರೊಂದು ತೋಪನ್ನು ಹಿಡಿಯಬಹುದು. ಹೂವಿನ ಕಾಲದ ಔಷಧ ಸಿಂಪಡಣೆ ಯಾರದು, ಕಾವಲು ಯಾರದು, ನೀರು ಯಾರದು ಎಂಬ ವಿಷಯಗಳು ಮಾತುಕತೆಯಲ್ಲಿ ತೀರ್ಮಾನವಾಗುತ್ತವೆ. ಮರದಡಿ ಬಿದ್ದ ಹಣ್ಣನ್ನು ಆಯ್ದು ಹೂಳುವವರು ಯಾರು ಎಂಬ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಏಳುವುದೇ ಇಲ್ಲ. ಹೀಗಾಗಿ ಅದು ಯಾರ ಕೆಲಸವೂ ಆಗುವುದಿಲ್ಲ. ಮಾಲೀಕ ಮತ್ತು ಗುತ್ತಿಗೆದಾರ ಇಬ್ಬರ ಹೊಣೆಯ ನಡುವೆ ಉಳಿದ ಈ ತೆರವಿನಲ್ಲಿಯೇ ನೊಣ ತನ್ನ ಸಂಸಾರವನ್ನು ಬೆಳೆಸುತ್ತದೆ.

ಈ ತೆರವನ್ನು ತುಂಬಲು ಹೊಸ ಕಾನೂನು ಬೇಕಿಲ್ಲ, ಗುತ್ತಿಗೆ ಪತ್ರದಲ್ಲಿ ಒಂದು ಷರತ್ತು ಸಾಕು. ಅದರ ಒಕ್ಕಣೆ ಹೀಗಿರಬಹುದು: “ಕಾಯಿ ಬಲಿಯುವ ಕಾಲದಿಂದ ಕೊಯ್ಲು ಮುಗಿಯುವವರೆಗೆ ಬಿದ್ದ ಹಣ್ಣನ್ನು ವಾರಕ್ಕೆ ಎರಡು ಬಾರಿ ಆಯ್ದು ನಾಶಪಡಿಸುವ ಹೊಣೆ ಗುತ್ತಿಗೆದಾರರದು. ಬಲೆಗಳನ್ನು ಕಟ್ಟುವ ವೆಚ್ಚ ಉಭಯತರದು, ಸಮಪಾಲು. ಕೊಯ್ಲಿನ ನಂತರ ಮರದ ಬುಡದ ಮಣ್ಣನ್ನು ಉಳುಮೆ ಮಾಡಿಸುವ ಹೊಣೆ ಮಾಲೀಕರದು.” ಎರಡು ಮೂರು ವರ್ಷಗಳ ಅವಧಿಗೆ ಗುತ್ತಿಗೆ ಹಿಡಿಯುವ ಪದ್ಧತಿಯೂ ಪರಿಶೀಲನಾರ್ಹ. ಮುಂದಿನ ವರ್ಷದ ಫಸಲೂ ತಮ್ಮದೇ ಎಂದಾದಾಗ ಈ ವರ್ಷದ ಕೊಳೆತ ಹಣ್ಣಿನ ಬಗ್ಗೆ ಕಾಳಜಿ ತಾನಾಗಿಯೇ ಮೂಡುತ್ತದೆ.

ತೋಪಿನಲ್ಲಿ ಕೈಗೊಳ್ಳಬೇಕಾದ ಕ್ರಮಗಳು

1. ಬಿದ್ದ ಹಣ್ಣಿನ ವಿಲೇವಾರಿ: ಬಿದ್ದ ಮತ್ತು ಹುಳುಕಾದ ಹಣ್ಣುಗಳನ್ನು ಆಯ್ದು ಸುಮಾರು 2 ಅಡಿ ಆಳದ ಗುಂಡಿಯಲ್ಲಿ ಹೂಳಬೇಕು. ತೋಪಿನ ಮೂಲೆಯಲ್ಲಿ ರಾಶಿ ಹಾಕುವುದರಿಂದ ಪ್ರಯೋಜನವಿಲ್ಲ, ಹುಳುಗಳು ಅಲ್ಲಿಯೇ ಮಣ್ಣಿಗಿಳಿಯುತ್ತವೆ.

2. ಮೋಹಕ ಬಲೆ: ಮೀಥೈಲ್ ಯುಜಿನಾಲ್ ಎಂಬ ರಾಸಾಯನಿಕದ ವಾಸನೆಗೆ ಗಂಡು ನೊಣಗಳು ಬಹುದೂರದಿಂದ ಆಕರ್ಷಿತವಾಗುತ್ತವೆ. ಈ ದ್ರವವನ್ನೂ ಕೀಟನಾಶಕವನ್ನೂ ಹೀರಿಸಿದ ಪ್ಲೈವುಡ್ ತುಂಡನ್ನು ರಂಧ್ರಗಳುಳ್ಳ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಎಕರೆಗೆ 4ರಿಂದ 6ರಂತೆ ಕೊಂಬೆಗೆ ತೂಗುಹಾಕಬೇಕು. ಗಂಡುಗಳು ನಾಶವಾದಂತೆ ಹೆಣ್ಣುಗಳಿಗೆ ಫಲವತ್ತಾದ ಮೊಟ್ಟೆ ಇಡುವ ಅವಕಾಶ ತಪ್ಪುತ್ತದೆ. ಕೊಯ್ಲಿಗೆ ಸುಮಾರು ಎರಡು ತಿಂಗಳು ಮುಂಚೆಯೇ ಬಲೆ ಕಟ್ಟಬೇಕು. ಹುಳು ಕಂಡ ಮೇಲೆ ಕಟ್ಟಿದ ಬಲೆಯಿಂದ ಆ ಹಂಗಾಮಿಗೆ ಹೆಚ್ಚಿನ ಲಾಭವಿಲ್ಲ.

3. ವಿಷಾಹಾರ: ಬಲೆ ಕೊಲ್ಲುವುದು ಗಂಡುಗಳನ್ನು. ಹೆಣ್ಣು ನೊಣಕ್ಕೆ ಮೊಟ್ಟೆ ಇಡುವ ಮುನ್ನ ಸಿಹಿ ಮತ್ತು ಪ್ರೋಟೀನ್ ಆಹಾರ ಬೇಕು. ಬೆಲ್ಲ ಅಥವಾ ಪ್ರೋಟೀನ್ ಬೆರೆಸಿದ ಕೀಟನಾಶಕವನ್ನು ಇಡೀ ಮರಕ್ಕಲ್ಲದೆ ಕಾಂಡಕ್ಕೆ ಮಾತ್ರ ಸಿಂಪಡಿಸುವುದರಿಂದ ಹಣ್ಣಿನ ಮೇಲೆ ಔಷಧದ ಉಳಿಕೆ ಬರುವುದಿಲ್ಲ.

4. ಮಣ್ಣಿನ ಉಳುಮೆ: ಕೊಯ್ಲಿನ ಬಳಿಕ ಮರದ ಬುಡದ ಮಣ್ಣನ್ನು ಕೆದಕಿದರೆ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡಿಕೊಂಡು ನಾಶವಾಗುತ್ತವೆ.

5. ಸಕಾಲದಲ್ಲಿ ಕೊಯ್ಲು: ಕಾಯಿ ಬಲಿತ ಕೂಡಲೇ ಕೊಯ್ಯಬೇಕು. ಮರದಲ್ಲಿಯೇ ಹಣ್ಣಾಗಲು ಬಿಟ್ಟಷ್ಟೂ ನೊಣಕ್ಕೆ ಅವಕಾಶ ಹೆಚ್ಚು.

6. ಸಾಮೂಹಿಕ ಕಾರ್ಯ: ಒಂದೇ ತೋಪಿನಲ್ಲಿ ಬಲೆ ಕಟ್ಟಿ ನೆರೆಯ ತೋಪುಗಳನ್ನು ಬಿಟ್ಟರೆ ಫಲ ಅಲ್ಪ, ಏಕೆಂದರೆ ನೊಣಕ್ಕೆ ಬೇಲಿಯಿಲ್ಲ. ಒಂದು ಗ್ರಾಮದ ಎಲ್ಲ ತೋಪುಗಳಲ್ಲಿ ಒಂದೇ ವಾರ ಬಲೆ ಕಟ್ಟಿಸುವ ಕೆಲಸವನ್ನು ಮಂಡಿ ವರ್ತಕರ ಸಂಘಗಳು ವಹಿಸಿಕೊಳ್ಳಬಹುದು.

ಕೀಟನಾಶಕದ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಹಿಂದೆ ಬಲೆಗಳಲ್ಲಿ ಬಳಕೆಯಲ್ಲಿದ್ದ ಡೈಕ್ಲೋರ್‌ವಾಸ್ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷಿದ್ಧವಾಗಿದೆ. ಹಳೆಯ ಕರಪತ್ರಗಳನ್ನು ನಂಬದೆ ತೋಟಗಾರಿಕೆ ಇಲಾಖೆಯ ಸಲಹೆಯಂತೆಯೇ ನಡೆಯಬೇಕು. ನಿರ್ದಿಷ್ಟ ಮಿತಿ ಗೊತ್ತುಪಡಿಸದ ಕೀಟನಾಶಕಗಳಿಗೆ ಐರೋಪ್ಯ ಒಕ್ಕೂಟವು ಸಾಮಾನ್ಯವಾಗಿ ಅನುಮತಿಸುವ ಉಳಿಕೆ ಕಿಲೋ ಹಣ್ಣಿಗೆ 0.01 ಮಿಲಿಗ್ರಾಂ ಮಾತ್ರ. ಹುಳುವಿಗೆ ಹೆದರಿ ಕೊಯ್ಲಿನ ಹೊಸ್ತಿಲಲ್ಲಿ ಸಿಂಪಡಿಸಿದ ಔಷಧವೇ ಸರಕು ತಿರಸ್ಕೃತವಾಗಲು ಕಾರಣವಾಗಬಹುದು.

ಇತರ ಕೀಟ ಮತ್ತು ರೋಗಗಳು

ಖರೀದಿಸುವವರು ಹಣ್ಣುನೊಣದ ಹಾನಿಯನ್ನು ಇತರ ಹಾನಿಗಳಿಂದ ಪ್ರತ್ಯೇಕಿಸಿ ಗುರುತಿಸುವುದು ಮುಖ್ಯ. ಪರಿಹಾರ ಬೇರೆ ಬೇರೆ, ಹೊಣೆಯೂ ಬೇರೆ ಬೇರೆ.

ಹೂವಿನ ಕಾಲದಲ್ಲಿ ಜಿಗಿಹುಳು ಮತ್ತು ಬೂದಿ ರೋಗಗಳು ಹೂಗೊಂಚಲನ್ನು ಒಣಗಿಸುತ್ತವೆ. ಜಿಗಿಹುಳು ಸ್ರವಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ, ಕಾಯಿಗಳು ಮಸಿ ಬಳಿದಂತೆ ಕಾಣುತ್ತವೆ. ಹೂವಿನ ಹಂತದಲ್ಲಿ ಗುತ್ತಿಗೆ ಹಿಡಿಯುವವರು ಗೊಂಚಲನ್ನು ಅಲುಗಿಸಿ ಹುಳುಗಳು ಹಾರುತ್ತವೆಯೇ ಎಂದು ನೋಡುವುದು ಒಳ್ಳೆಯದು.

ವಾಟೆ ಕೊರೆಯುವ ಹುಳು ಎಳೆಗಾಯಿಯಲ್ಲಿಯೇ ಒಳಸೇರಿ ಗೊರಟೆಯೊಳಗೆ ಬೆಳೆಯುತ್ತದೆ. ಹೊಕ್ಕ ಗಾಯ ಮಾಯ್ದುಹೋಗುವುದರಿಂದ ಹೊರಗಿನಿಂದ ಯಾವ ಸುಳಿವೂ ಸಿಗುವುದಿಲ್ಲ. ತಿರುಳಿನ ಕಾರ್ಖಾನೆಗೆ ಇದರಿಂದ ಹಾನಿ ಅಲ್ಪ, ಅಲ್ಲಿ ಗೊರಟೆ ಹೇಗೂ ಬೇರೆಯಾಗುತ್ತದೆ. ಆದರೆ ರಫ್ತಿನಲ್ಲಿ ಇದು ಗಂಭೀರ ದೋಷ. ಒಂದೇ ತೋಪಿನ ಕಾಯಿ ಒಬ್ಬ ಖರೀದಿದಾರನಿಗೆ ಯೋಗ್ಯವಾಗಿಯೂ ಮತ್ತೊಬ್ಬನಿಗೆ ಅಯೋಗ್ಯವಾಗಿಯೂ ಇರಬಹುದೆಂಬುದಕ್ಕೆ ಇದು ಉತ್ತಮ ನಿದರ್ಶನ. ರಫ್ತಿಗೆಂದು ಕೊಳ್ಳುವವರು ಪ್ರತಿ ತೋಪಿನ ಕೆಲವು ಕಾಯಿಗಳನ್ನು ಗೊರಟೆಸಹಿತ ಸೀಳಿ ನೋಡಬೇಕು.

ಚಿಬ್ಬು ರೋಗದ ಶಿಲೀಂಧ್ರವು ಎಳೆಗಾಯಿಯ ಸಿಪ್ಪೆಯಲ್ಲಿ ಸುಪ್ತವಾಗಿದ್ದು ಹಣ್ಣಾಗುವಾಗ ಕಪ್ಪು ಚುಕ್ಕೆಗಳಾಗಿ ಹರಡುತ್ತದೆ. ತೊಟ್ಟು ಕೊಳೆ ರೋಗ ತೊಟ್ಟಿನ ಬಳಿಯಿಂದ ಆರಂಭವಾಗುತ್ತದೆ. ಕಾಯಿಯನ್ನು ಉದುರಿಸದೆ ದೋಟಿಯ ಬಲೆಯಲ್ಲಿ ತೊಟ್ಟಿನ ಸಮೇತ ಕೊಯ್ದು, ಬಳಿಕ ತೊಟ್ಟು ಕತ್ತರಿಸಿ ಬುಡಮೇಲಾಗಿಟ್ಟು ಸೊನೆ ಸೋರಿಸುವುದರಿಂದ ಸಿಪ್ಪೆ ಸುಡುವುದೂ ಕೊಳೆಯುವುದೂ ಕಡಿಮೆಯಾಗುತ್ತದೆ. ಬಾದಾಮಿ ಅಥವಾ ಆಪೂಸು ತಳಿಯಲ್ಲಿ ತಿರುಳಿನ ಒಳಭಾಗ ಬಿಳಿಚಿಕೊಂಡು ಹೆಂಡಿನಂತಾಗುವುದು ಕೀಟದಿಂದಲೂ ಅಲ್ಲ, ರೋಗದಿಂದಲೂ ಅಲ್ಲ. ಅದು ಹಣ್ಣಿನ ಶಾರೀರಿಕ ದೋಷ, ಅದಕ್ಕೆ ಔಷಧ ಸಿಂಪಡಿಸುವುದು ವ್ಯರ್ಥ.

ಕೊಯ್ಲಿನ ನಂತರದ ಬಿಸಿನೀರಿನ ಉಪಚಾರ

ಬಿಸಿನೀರಿನ ಉಪಚಾರದಲ್ಲಿ ಎರಡು ವಿಧಗಳಿವೆ. ಇವುಗಳನ್ನು ಒಂದೆಂದು ಭಾವಿಸಬಾರದು. ಚಿಬ್ಬು ರೋಗದ ತಡೆಗೆ 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು 10 ನಿಮಿಷ ಮುಳುಗಿಸಿದರೆ ಸಾಕು, ಏಕೆಂದರೆ ಶಿಲೀಂಧ್ರ ಸಿಪ್ಪೆಯಲ್ಲಿಯೇ ಇರುತ್ತದೆ. ಹಣ್ಣುನೊಣದ ಮೊಟ್ಟೆ, ಹುಳುಗಳು ಒಳಗಿರುವುದರಿಂದ ಶಾಖ ಒಡಲಿಗೆ ಇಳಿಯಬೇಕು. ಅದಕ್ಕೆ 48 ಡಿಗ್ರಿಯಲ್ಲಿ 60 ನಿಮಿಷ ಬೇಕು. ಹತ್ತು ನಿಮಿಷದ ಉಪಚಾರ ಮಾಡಿ ಹುಳು ಸತ್ತಿತೆಂದು ನಂಬಿದರೆ ಮೋಸ ಹೋದಂತೆಯೇ. ಉಷ್ಣತೆ ಕಡಿಮೆಯಾದರೆ ಹುಳು ಉಳಿಯುತ್ತದೆ, ಹೆಚ್ಚಾದರೆ ಸಿಪ್ಪೆ ಬೇಯುತ್ತದೆ. ಬಲಿಯದ ಕಾಯಿ ಇದನ್ನು ತಾಳಲಾರದು. ಈ ಉಪಚಾರ ಹುಳುವನ್ನು ಕೊಲ್ಲಬಲ್ಲುದೇ ಹೊರತು ಹುಳು ತಿಂದ ತಿರುಳನ್ನು ಮರಳಿ ತರಲಾರದು. ಆದುದರಿಂದ ಇದು ತೋಪಿನ ಶುಚಿತ್ವಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ತಿರುಳಿನ ಕಾರ್ಖಾನೆಗಳು ಬಲಿತ ತೋತಾಪುರಿ ಕಾಯಿಯನ್ನು ತಂದು ತಮ್ಮಲ್ಲಿಯೇ ಹಲವು ದಿನ ಹಣ್ಣಾಗಿಸುತ್ತವೆ. ತೂಕ ಹಾಕಿ ಹಣ ಕೊಟ್ಟದ್ದು ಕಾಯಿಗೆ, ಆಯ್ದು ಎಸೆಯುವುದು ಹಣ್ಣನ್ನು. ಕಾಯಿ ಇಳಿದ ದಿನವೇ ಪ್ರತಿ ಲಾರಿಯಿಂದ ನಿಗದಿತ ಸಂಖ್ಯೆಯ ಕಾಯಿಗಳನ್ನು ತೋಪಿನ ಹೆಸರು ಬರೆದು ಪ್ರತ್ಯೇಕವಾಗಿರಿಸಿ, ವಾರದ ನಂತರ ಸೀಳಿ ದಾಖಲೆ ಇಟ್ಟರೆ ಮುಂದಿನ ಹಂಗಾಮಿನ ಖರೀದಿಗೆ ಅದು ಅಮೂಲ್ಯ ಮಾಹಿತಿಯಾಗುತ್ತದೆ. ಹುಳು ಕಡಿಮೆಯಿರುವ ತೋಪಿಗೆ ಸ್ವಲ್ಪ ಹೆಚ್ಚಿನ ದರ ಕೊಡುವ ಪದ್ಧತಿ ಬಂದರೆ ರೈತರಿಗೂ ಶುಚಿತ್ವದ ಬೆಲೆ ತಿಳಿಯುತ್ತದೆ.

ಸಣ್ಣ ಕೈಗಾರಿಕೆಗಳಿಗೆ ಅವಕಾಶ

ಈ ಸಮಸ್ಯೆಯಲ್ಲಿ ಸಣ್ಣ ಉದ್ಯಮಿಗಳಿಗೆ ಕೆಲಸವೂ ಅಡಗಿದೆ. ಬಲೆಯ ಡಬ್ಬಿಗಳು ಸಾಮಾನ್ಯ ಪ್ಲಾಸ್ಟಿಕ್ ಅಚ್ಚಿನ ಘಟಕಗಳಲ್ಲಿ ತಯಾರಾಗಬಲ್ಲವು. ಕೀಟನಾಶಕ ಸೇರಿಸಿ ಮಾರುವುದಾದರೆ ಮಾತ್ರ ಅದರ ಪರವಾನಗಿ ಪಡೆಯಬೇಕು. ಎಳೆಯ ಕಾಯಿಗಳಿಗೆ ತೊಡಿಸುವ ಕಾಗದದ ಚೀಲಗಳು ನೊಣವನ್ನು ತಡೆಯುವುದಲ್ಲದೆ ಸಿಪ್ಪೆಯ ಹೊಳಪನ್ನೂ ಕಾಪಾಡುತ್ತವೆ. ಗಿಡ್ಡ ಮರಗಳ ಉತ್ತಮ ತಳಿಗಳಿಗೆ ಇವು ಹೆಚ್ಚು ಸೂಕ್ತ. ಉಷ್ಣತೆಯನ್ನು ಸ್ಥಿರವಾಗಿಡುವ ಬಿಸಿನೀರಿನ ತೊಟ್ಟಿಗಳು, ಬಲೆ ಕಟ್ಟಿದ ದೋಟಿಗಳು, ಪ್ಲಾಸ್ಟಿಕ್ ಕ್ರೇಟುಗಳು ಎಲ್ಲವೂ ಸ್ಥಳೀಯವಾಗಿ ತಯಾರಿಸಬಹುದಾದ ವಸ್ತುಗಳೇ. ರಫ್ತಿಗೆ ಮರದ ಪೆಟ್ಟಿಗೆ, ಪ್ಯಾಲೆಟ್ ಒದಗಿಸುವವರು ಮರದ ತಿರುಳಿನವರೆಗೂ 56 ಡಿಗ್ರಿ ಶಾಖ 30 ನಿಮಿಷ ತಲುಪಿಸಿ ಅಂತರರಾಷ್ಟ್ರೀಯ ಮುದ್ರೆ ಒತ್ತಬೇಕೆಂಬುದನ್ನು ಮರೆಯಬಾರದು. ಕೀಟದ ನಿಯಮ ಹಣ್ಣಿಗೆ ಮಾತ್ರವಲ್ಲ, ಹಣ್ಣನ್ನು ಹೊತ್ತ ಮರಕ್ಕೂ ಅನ್ವಯಿಸುತ್ತದೆ.

ಸಮಾರೋಪ

ಹಣ್ಣುನೊಣವನ್ನು ಸಂಪೂರ್ಣವಾಗಿ ನಿರ್ಮೂಲ ಮಾಡುವುದು ಈ ನಾಡಿನ ಹವೆಯಲ್ಲಿ ಸುಲಭಸಾಧ್ಯವಲ್ಲ, ಆದರೆ ಹಾನಿಯನ್ನು ಹತೋಟಿಯಲ್ಲಿಡುವುದು ಸಾಧ್ಯ. ಅದಕ್ಕೆ ಬೇಕಾದ ವಿದ್ಯೆ ಸುಲಭವಾದುದು, ವೆಚ್ಚವೂ ಅಲ್ಪ. ಕೊರತೆಯಿರುವುದು ಹೊಣೆಯ ಹಂಚಿಕೆಯಲ್ಲಿ. ಮುಂದಿನ ಹಂಗಾಮಿನ ಗುತ್ತಿಗೆ ಮಾತುಕತೆ ಹೂವು ಕಾಣಿಸುವ ಕಾಲಕ್ಕೆ ಆರಂಭವಾಗುತ್ತದೆ. ಆಗ ಮೊತ್ತ, ಮುಂಗಡ, ಕಾವಲುಗಳ ಜೊತೆಗೆ ಬಿದ್ದ ಹಣ್ಣಿನ ಹೊಣೆಯನ್ನೂ ಬರೆದಿಟ್ಟುಕೊಳ್ಳುವ ವರ್ತಕರು ತಮ್ಮ ಬಂಡವಾಳವನ್ನೂ ತೋಪಿನ ಮಾಲೀಕರ ಮುಂದಿನ ಫಸಲನ್ನೂ ಏಕಕಾಲಕ್ಕೆ ರಕ್ಷಿಸಿದಂತಾಗುತ್ತದೆ.